ನಿಮಗಿದು ಗೊತ್ತೇ? ಲಿನಕ್ಸ್‌ನ ಏಳು ರನ್‌ಲೆವೆಲ್‌ಗಳು

* ಹಳೆಯ ಪದ್ಧತಿಯಲ್ಲಿ ಲಿನಕ್ಸ್ ಕಂಪ್ಯೂಟರಿಗೆ 0ಯಿಂದ 6ರವರೆಗೆ ಏಳು ರನ್‌ಲೆವೆಲ್‌ಗಳು, ಅಂದರೆ ಯಂತ್ರ ನಡೆಯುವ ಸ್ಥಿತಿಗಳು. 0 ಅಂದರೆ ಪೂರ್ತಿ ಬಂದ್, 6 ಅಂದರೆ ರೀಬೂಟ್, 1 ಅಂದರೆ ದುರಸ್ತಿಗೆಂದೇ ಇರುವ ಸ್ಥಿತಿ. ರೆಡ್ ಹ್ಯಾಟ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ 3 ಬರೀ ಅಕ್ಷರಗಳ ಪರದೆ. 5 ಮೌಸ್, ಐಕಾನ್‌ಗಳ ಡೆಸ್ಕ್‌ಟಾಪ್.

* ಈ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ಸ್ಲ್ಯಾಕ್‌ವೇರ್ ಎಂಬ ಇನ್ನೊಂದು ಆವೃತ್ತಿಯಲ್ಲಿ ಡೆಸ್ಕ್‌ಟಾಪ್ ಸಿಗುವುದು 4ರಲ್ಲಿ!

* ಈ ರನ್‌ಲೆವೆಲ್ ಪದ್ಧತಿ ಎಟಿ ಅಂಡ್ ಟಿಯ ಯುನಿಕ್ಸ್‌ನಿಂದ ಬಂದದ್ದು. 1983ರ ಸಿಸ್ಟಮ್ ಫೈವ್ ಅದಕ್ಕೆ ಹೆಸರು ತಂದಿತು. ಮೈಸೂರಿನ ಎನ್‌ಐಇ, ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಟಿಯು ಪಠ್ಯದಂತೆ ಯುನಿಕ್ಸ್ ಓದಿದವರು ಸುಮಿತಾಭ ದಾಸ್ ಅವರ ಪುಸ್ತಕದಲ್ಲಿ ಇದನ್ನು ಕಂಡಿರುತ್ತಾರೆ.

* ಹಳೆಯ ರೆಡ್ ಹ್ಯಾಟ್‌ನಲ್ಲಿ ರನ್‌ಲೆವೆಲ್‌ಗಳನ್ನು ನಿಗದಿ ಮಾಡುವ ಇನಿಟ್‌ಟ್ಯಾಬ್ ಫೈಲಿನಲ್ಲಿ ಕರೆಂಟಿಗೂ ಸಾಲುಗಳಿದ್ದವು. ಕರೆಂಟು ಹೋಯಿತೆಂದು ಯುಪಿಎಸ್ ಕಡೆಯಿಂದ ಸೂಚನೆ ಬಂದರೆ ಎರಡು ನಿಮಿಷ ಕಾದು ಯಂತ್ರ ತಾನಾಗಿ ಬಂದ್ ಆಗುತ್ತಿತ್ತು. ಅಷ್ಟರೊಳಗೆ ಕರೆಂಟು ಬಂತೋ, ಆದೇಶ ರದ್ದು. ಎಷ್ಟು ಮುಂದಾಲೋಚನೆ ನೋಡಿ!

* ಅದೇ ಫೈಲಿನಲ್ಲಿ ಡಿಫಾಲ್ಟ್ ಲೆವೆಲ್ಲಿನ ಜಾಗಕ್ಕೆ ಯಾರಾದರೂ 6 ಬರೆದರೆ? ಯಂತ್ರ ಏಳುತ್ತದೆ, ರೀಬೂಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ರೀಬೂಟ್.

* 2010ರಲ್ಲಿ ಪ್ರೋಗ್ರಾಮರ್ ಲೆನಾರ್ಟ್ ಪೊಟರಿಂಗ್ ಈ ಪದ್ಧತಿಗೆ ಬದಲಾಗಿ ಸಿಸ್ಟಮ್‌ಡಿ ಯೋಜನೆ ಪ್ರಕಟಿಸಿದರು. ಹಳೆಯ ಪದ್ಧತಿಯಲ್ಲಿ ಸೇವೆಗಳು ಒಂದಾದ ಮೇಲೊಂದು ಸರದಿಯಲ್ಲಿ ಏಳಬೇಕಿತ್ತು. ಇಲ್ಲಿ ಹಲವು ಒಟ್ಟಿಗೇ ಏಳುತ್ತವೆ. ಫೆಡೋರಾ 2011ರಲ್ಲಿ, ಡೆಬಿಯನ್ ಮತ್ತು ಉಬುಂಟು 2015ರಲ್ಲಿ ಇದಕ್ಕೆ ಬದಲಾದವು. ಅಂಕಿಗಳ ಜಾಗಕ್ಕೆ ಟಾರ್ಗೆಟ್‌ಗಳು ಬಂದವು: 3ಕ್ಕೆ ಮಲ್ಟಿ-ಯೂಸರ್, 5ಕ್ಕೆ ಗ್ರಾಫಿಕಲ್.

* ಲೆವೆಲ್ ಬದಲಿಸಲು ಹಿಂದೆ 'ಇನಿಟ್ 3' ಎಂಬ ಆದೇಶ ಸಾಕಿತ್ತು. ಈಗ ಸಿಸ್ಟಮ್‌ಡಿಯ ಸಾಧನವಾದ ಸಿಸ್ಟಮ್‌ಸಿಟಿಎಲ್‌ನ 'ಐಸೊಲೇಟ್' ಆದೇಶ. ಹೊಸ ಟಾರ್ಗೆಟ್‌ಗೆ ಬೇಡದ ಸೇವೆಗಳನ್ನು ಅದು ನಿಲ್ಲಿಸಿಬಿಡುತ್ತದೆ. ಡೆಸ್ಕ್‌ಟಾಪ್‌ನಿಂದ ಇಳಿಯುವ ಮೊದಲು ನಿಮ್ಮ ಫೈಲುಗಳನ್ನು ದಯವಿಟ್ಟು ಸೇವ್ ಮಾಡಿಕೊಳ್ಳಿ.

* ಗ್ರಾಫಿಕ್ಸ್ ಡ್ರೈವರ್ ಕೆಟ್ಟು ಪರದೆ ಕಪ್ಪಾದಾಗ ಫಾರ್ಮ್ಯಾಟ್ ಮಾಡಲು ಓಡಬೇಡಿ. ಯಂತ್ರ ಏಳುವಾಗ ಬರುವ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ 3 ಸೇರಿಸಿ ಬೂಟ್ ಮಾಡಿದರೆ ಅಕ್ಷರದ ಪರದೆ ಸಿಗುತ್ತದೆ. ಡ್ರೈವರ್ ಅಲ್ಲಿಂದಲೇ ಸರಿಪಡಿಸಬಹುದು.

* ಅದೇ ಸಾಲಿಗೆ 1 ಸೇರಿಸಿದರೆ ಹಳೆಯ ಎಷ್ಟೋ ಲಿನಕ್ಸ್‌ಗಳು ಪಾಸ್‌ವರ್ಡ್ ಕೇಳದೆಯೇ ರೂಟ್ ಅಧಿಕಾರ ಕೊಟ್ಟುಬಿಡುತ್ತಿದ್ದವು. ಕಾಲೇಜು ಲ್ಯಾಬ್ ನೋಡಿಕೊಳ್ಳುವವರು ಗ್ರಬ್‌ಗೂ ಒಂದು ಪಾಸ್‌ವರ್ಡ್ ಹಾಕಿಡಲೇಬೇಕು.

* ಆಂಡ್ರಾಯ್ಡ್ ಫೋನಿನೊಳಗಿರುವುದೂ ಲಿನಕ್ಸ್ ಕರ್ನಲ್ಲೇ. ಆದರೆ ಅದರ ಇನಿಟ್ (ಸೇವೆಗಳನ್ನು ಎಬ್ಬಿಸುವ ಪ್ರೋಗ್ರಾಂ) ಬೇರೆ, ಅಲ್ಲಿ ರನ್‌ಲೆವೆಲ್‌ಗಳಿಲ್ಲ.