ಡುರ್ಲಾಖ್ ಪಟ್ಟಣದ ಸ್ವಯಂಸೇವಕ ಅಗ್ನಿಶಾಮಕ ದಳ

ಅಗ್ನಿಶಾಮಕ ದಳಗಳ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯೆಂದೇ ಭಾವಿಸುವುದು ವಾಡಿಕೆ. ಆದರೆ ಯಂತ್ರವನ್ನು ನಡೆಸುವವರು ಯಾರು, ಅವರನ್ನು ಒಂದುಗೂಡಿಸಿದ ಕಟ್ಟು ಯಾವುದು ಎಂಬ ಪ್ರಶ್ನೆಗಳು ಅದಕ್ಕಿಂತ ಕಡಿಮೆ ಮಹತ್ತ್ವದವಲ್ಲ. ದಕ್ಷಿಣ ಜರ್ಮನಿಯ ಬಾಡೆನ್ ಸಂಸ್ಥಾನದ ಡುರ್ಲಾಖ್ ಎಂಬ ಸಣ್ಣ ಪಟ್ಟಣದ ನಿದರ್ಶನದಿಂದ ಇದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಡುರ್ಲಾಖ್ ಒಂದು ಕಾಲಕ್ಕೆ ರಾಜಧಾನಿಯಾಗಿದ್ದಿತು. 1689ರಲ್ಲಿ ಫ್ರೆಂಚ್ ಸೈನ್ಯವು ಅದನ್ನು ಸುಟ್ಟುಹಾಕಿತು. 1715ರಲ್ಲಿ ಸಮೀಪದಲ್ಲಿಯೇ ಕಾರ್ಲ್ಸ್‌ರೂಹೆ ನಗರದ ಸ್ಥಾಪನೆಯಾಗಿ, ಅರಸರ ವಾಸ ಅಲ್ಲಿಗೆ ಸಾಗಿದ ಮೇಲೆ ಹಳೆಯ ಪಟ್ಟಣದ ವೈಭವ ಕುಂದಿತು.

ಬೆಂಕಿ ಬಿದ್ದಾಗ ಊರಿನವರು ಬಂದು ನೆರವಾಗತಕ್ಕದ್ದೆಂಬ ಕಟ್ಟಳೆ ಜರ್ಮನ್ ಪಟ್ಟಣಗಳಲ್ಲಿ ಬಹುಕಾಲದಿಂದ ಇದ್ದಿತು. ಜನರು ಸಾಲಾಗಿ ನಿಂತು ನೀರಿನ ತೊಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಈ ಸೇವೆಗೆ ಕೂಲಿಯಿಲ್ಲ. ಆದರೆ ಅದು ಕಡ್ಡಾಯ. ಮುಂಚಿತವಾದ ಅಭ್ಯಾಸವಾಗಲಿ ನಿಶ್ಚಿತವಾದ ಅಧಿಪತ್ಯವಾಗಲಿ ಇಲ್ಲದಿದ್ದುದರಿಂದ ಗುಂಪು ದೊಡ್ಡದಾದಷ್ಟೂ ಗೊಂದಲವೇ ಹೆಚ್ಚುತ್ತಿದ್ದಿತು.

1846ರಲ್ಲಿ ಡುರ್ಲಾಖ್ ಪಟ್ಟಣಕ್ಕೆ ಹೈಡೆಲ್‌ಬರ್ಗಿನ ಕಾರ್ಲ್ ಮೆಟ್ಸ್ ಎಂಬ ತಯಾರಕನ ಹೊಸ ಕೈಪಂಪು ಬಂದಿತು. ಇಂತಹ ಪಂಪುಗಳಲ್ಲಿ ಎರಡು ಉರುಳೆಗಳು ಒಂದಾದ ಮೇಲೊಂದರಂತೆ ನೀರನ್ನು ಒತ್ತುತ್ತವೆ. ನಡುವಣ ಪಾತ್ರೆಯಲ್ಲಿ ಅದುಮಿದ ಗಾಳಿಯು ಧಾರೆ ಕಡಿಯದಂತೆ ನೋಡಿಕೊಳ್ಳುತ್ತದೆ. ಬಾಗುವ ಕೊಳವೆಯಿದ್ದುದರಿಂದ ನೀರನ್ನು ಉರಿಯ ಮೂಲದವರೆಗೂ ಒಯ್ಯಬಹುದಾಗಿತ್ತು. ಆದರೆ ಹಿಡಿಗಳನ್ನು ಒತ್ತುವವರು ಒಂದೇ ಲಯದಲ್ಲಿ ಒತ್ತಬೇಕು. ಕೊಳವೆ ಹಿಡಿದವನಿಗೆ ಅವರಲ್ಲಿ ವಿಶ್ವಾಸವಿರಬೇಕು. ಇದನ್ನರಿತ ಪಟ್ಟಣದ ವಾಸ್ತುಶಿಲ್ಪಿ ಕ್ರಿಸ್ಟಿಯಾನ್ ಹೆಂಗ್ಸ್ಟ್ ಅದೇ ವರ್ಷ ಸ್ವಇಚ್ಛೆಯಿಂದ ಮುಂದೆ ಬಂದ ನಾಗರಿಕರದೊಂದು ದಳವನ್ನು ಕಟ್ಟಿ, ಕೆಲಸಗಳನ್ನು ಹಂಚಿ, ಕ್ರಮವಾದ ಅಭ್ಯಾಸ ಮಾಡಿಸಿದನು. ಸ್ಯಾಕ್ಸನಿಯ ಮೈಸೆನ್ ಪಟ್ಟಣದಲ್ಲಿ 1841ರಲ್ಲಿಯೇ ಸ್ವಯಂಸೇವಕ ದಳ ಹುಟ್ಟಿದ್ದುದರಿಂದ ಮೊದಲಿಗರು ಯಾರೆಂಬ ವಿವಾದವುಂಟು; ಪ್ರಸ್ತುತ ವಿಚಾರಕ್ಕೆ ಅದು ಗೌಣ.

ದಳದ ಪರೀಕ್ಷೆಗೆ ಬಹಳ ಕಾಲ ಕಾಯಬೇಕಾಗಲಿಲ್ಲ. 1847ರ ಫೆಬ್ರವರಿ 28ರಂದು ಕಾರ್ಲ್ಸ್‌ರೂಹೆಯ ಅರಮನೆಗೆ ಸೇರಿದ ನಾಟಕಶಾಲೆಗೆ ಬೆಂಕಿ ಬಿದ್ದಿತು. ದೀಪದ ಉರಿಯು ರಾಜಾಸನದ ಅಂಕಣದ ಅಲಂಕಾರವಸ್ತ್ರಗಳಿಗೆ ತಗುಲಿ ಹಬ್ಬಿತು. ಹೊರಹೋಗುವ ದಾರಿಗಳು ಸಾಲದೆ, ಕೆಲವು ಬಾಗಿಲುಗಳು ಮುಚ್ಚಿಯೇ ಇದ್ದುದರಿಂದ ಅರವತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಡುರ್ಲಾಖಿನ ದಳ ತನ್ನ ಪಂಪಿನೊಡನೆ ಧಾವಿಸಿತು. ನಾಟಕಶಾಲೆಯನ್ನು ಉಳಿಸಲಾಗಲಿಲ್ಲ, ಆದರೆ ಉರಿಯು ನೆರೆಯ ಕಟ್ಟಡಗಳಿಗೆ ಹಬ್ಬದಂತೆ ಅದು ತಡೆಯಿತು. ತನ್ನ ಪದವಿಯನ್ನು ಕಸಿದುಕೊಂಡ ನಗರಕ್ಕೆ ಹಳೆಯ ರಾಜಧಾನಿಯೇ ರಕ್ಷಕನಾದುದು ಗಮನಾರ್ಹ. ಈ ದುರಂತದ ಬಳಿಕ ಬಾಡೆನ್ನಿನ ಇತರ ಪಟ್ಟಣಗಳೂ ಇಂತಹ ದಳಗಳನ್ನು ಕಟ್ಟತೊಡಗಿದವು.

ಅರಸೊತ್ತಿಗೆಗೆ ಇವು ಕೇವಲ ಉಪಕಾರಿಗಳಾಗಿ ತೋರಲಿಲ್ಲ. ತಾವೇ ಸೇರಿ ಶಿಸ್ತಿಗೆ ಒಳಪಟ್ಟ ನಾಗರಿಕರು ರಾಜಕೀಯ ಶಕ್ತಿಯೂ ಆಗಬಲ್ಲರು. ದಳಗಳಿಗೆ ಅನೇಕ ಸದಸ್ಯರನ್ನು ಒದಗಿಸಿದ್ದ ವ್ಯಾಯಾಮ ಸಂಘಗಳು 1848–49ರ ಕ್ರಾಂತಿಯಲ್ಲಿ ಪಾಲ್ಗೊಂಡವು. ಪ್ರಷ್ಯದ ಸೈನ್ಯವು ಕ್ರಾಂತಿಯನ್ನು ಅಡಗಿಸಿದ ಮೇಲೆ ಇಂತಹ ಸಂಘಟನೆಗಳೆಲ್ಲ ಸಂಶಯಕ್ಕೆ ಗುರಿಯಾದವು. ಆದರೂ ಬೆಂಕಿಯ ಭಯ ಅರಸರ ಭಯಕ್ಕಿಂತ ದೀರ್ಘಾಯುವಾದುದರಿಂದ ಈ ಪದ್ಧತಿ ಉಳಿದು ಬೆಳೆಯಿತು.

1938ರಲ್ಲಿ ಡುರ್ಲಾಖ್ ಕಾರ್ಲ್ಸ್‌ರೂಹೆಯಲ್ಲಿ ವಿಲೀನವಾಯಿತು. ಅಲ್ಲಿಯ ಸ್ವಯಂಸೇವಕ ದಳ ಇಂದಿಗೂ ಇದೆ. ಒಟ್ಟಾರೆ ಜರ್ಮನಿಯಲ್ಲಿ ಇಂತಹ ದಳಗಳ ಸದಸ್ಯರು ಸುಮಾರು 10 ಲಕ್ಷ. ಸಂಬಳವಿಲ್ಲದ ಸೇವೆ 1846ಕ್ಕೆ ಮೊದಲೂ ಇದ್ದಿತೆಂಬುದನ್ನು ಮೇಲೆ ನೋಡಿದೆವು. ಹೊಸತಾಗಿ ಬಂದುದು, ಒತ್ತಾಯದಿಂದ ನೆರೆದ ಗುಂಪಿಗೆ ಬದಲಾಗಿ, ಬೆಂಕಿ ಬೀಳುವ ಮೊದಲೇ ಮನಃಪೂರ್ವಕವಾಗಿ ಒಪ್ಪಿಕೊಂಡ ಶಿಸ್ತು. ಸ್ವಯಂಸೇವೆ ಎಂಬ ಮಾತಿಗೆ ಡುರ್ಲಾಖಿನ ಚರಿತ್ರೆ ಕೊಡುವ ಅರ್ಥ ಇದೇ.