ನೀರಿನ ಕೆಳಗೂ ಹೆಣ್ಣುಮಕ್ಕಳು



ಹೋದ ವರ್ಷ ಶಾಲೆಯ ಪ್ರವಾಸದಲ್ಲಿ ನಾವು ಮುರ್ಡೇಶ್ವರಕ್ಕೆ ಹೋಗಿದ್ದು ನಿಮಗೆಲ್ಲ ನೆನಪಿರಬೇಕು. ಅಲ್ಲಿ ಸಮುದ್ರದ ದಂಡಿಗೆ ಒಂದು ದೊಡ್ಡ ಬೋರ್ಡ್ ಇತ್ತು. ಅದರಲ್ಲಿ ಒಬ್ಬ ಅಕ್ಕ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನುಗಳ ನಡುವೆ ಈಜುತ್ತಿದ್ದಳು. ಕೆಳಗೆ ಸ್ಕೂಬಾ ಡೈವಿಂಗ್ ಎಂದು ಬರೆದಿತ್ತು. ನಮ್ಮ ವರ್ಗದ ಹುಡುಗರು "ಏ, ಇದು ಗಂಡಸರ ಕೆಲಸ. ಫೋಟೋಕ್ಕಷ್ಟ ಹುಡುಗೀನ ನಿಲ್ಲಿಸ್ಯಾರ" ಎಂದು ನಕ್ಕರು. ನಾನು ಆಗ ಸುಮ್ಮನಿದ್ದೆ. ಯಾಕಂದರೆ ನನಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಆಮೇಲೆ ವಿಜ್ಞಾನದ ಸರ್ ಹತ್ತಿರ ಕೇಳಿ, ಪುಸ್ತಕ ಓದಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಸ್ಕೂಬಾ ಎಂದರೇನು?

ಉಸಿರಾಡುವ ಗಾಳಿಯನ್ನು ಜೊತೆಗೆ ಒಯ್ದು ನೀರಿನ ಕೆಳಗೆ ಈಜುವುದಕ್ಕೆ ಸ್ಕೂಬಾ ಎನ್ನುತ್ತಾರೆ. 1943ರಲ್ಲಿ ಫ್ರಾನ್ಸ್ ದೇಶದ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾ ಎಂಬ ಇಬ್ಬರು ಇದರ ಉಪಕರಣವನ್ನು ತಯಾರಿಸಿದರು. ಸಿಲಿಂಡರಿನಲ್ಲಿ ಬರೀ ಆಮ್ಲಜನಕ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಸಾಮಾನ್ಯವಾಗಿ ಅದರಲ್ಲಿರುವುದು ನಾವು ದಿನಾ ಉಸಿರಾಡುವ ಗಾಳಿಯೇ. ಅದನ್ನು ಒತ್ತಿ ಒತ್ತಿ ತುಂಬಿರುತ್ತಾರೆ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಕೆಳಗೆ ಹೋದಂತೆ, ಭೂಮಿಯ ಮೇಲೆ ಗಾಳಿ ನಮ್ಮನ್ನು ಎಷ್ಟು ಒತ್ತುತ್ತದೋ ಅಷ್ಟು ಒತ್ತಡ ಮತ್ತೆ ಕೂಡುತ್ತ ಹೋಗುತ್ತದೆ. ಅದಕ್ಕೇ ಕಿವಿ ನೋಯುತ್ತದೆ. ಆಗ ಮೂಗು ಹಿಡಿದು ಮೆಲ್ಲಗೆ ಊದಿ ಸರಿ ಮಾಡಿಕೊಳ್ಳುತ್ತಾರೆ. ಇನ್ನೊಂದು ದೊಡ್ಡ ನಿಯಮವೆಂದರೆ ಉಸಿರು ಬಿಗಿ ಹಿಡಿಯಬಾರದು. 10 ಮೀಟರ್ ಆಳದಲ್ಲಿ ಒಂದು ಪುಗ್ಗಾದಲ್ಲಿ ಗಾಳಿ ತುಂಬಿ ಮೇಲೆ ತಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಹಿಡಿದು ಮೇಲೆ ಬಂದರೆ ನಮ್ಮ ಪುಪ್ಪುಸಕ್ಕೂ ಹಾಗೇ ಆಗಿ ಪೆಟ್ಟಾಗುತ್ತದೆ.

ಇದಕ್ಕೆ ಗಂಡಸಿನ ಶಕ್ತಿ ಬೇಕೇ?

ತುಂಬಿದ ಸಿಲಿಂಡರ್ ಸುಮಾರು 15 ಕಿಲೋ ಭಾರ ಇರುತ್ತದೆ. ಹುಡುಗಿಯರಿಗೆ ಇದು ಆಗುವುದಿಲ್ಲ ಎನ್ನುವವರು ಒಂದು ಮಾತು ಯೋಚಿಸಬೇಕು. ಬಾವಿಯಿಂದ ಕೊಡ ಸೇದುವಾಗ, ಕೊಡ ನೀರೊಳಗೆ ಇರೋ ತನಕ ಹಗುರ. ನೀರು ಬಿಟ್ಟು ಮ್ಯಾಲೆ ಬಂತೋ, ಕೈ ಜಗ್ಗುತ್ತದೆ. ಇದು ನಮ್ಮ ಅವ್ವಂದಿರಿಗೆಲ್ಲ ಗೊತ್ತು. ಸಿಲಿಂಡರ್ ಕೂಡ ಹಾಗೆಯೇ, ನೀರಿಗೆ ಇಳಿದ ಮೇಲೆ ಭಾರ ಅನ್ನಿಸುವುದಿಲ್ಲ. ಅಷ್ಟಕ್ಕೂ ತಲೆಯ ಮೇಲೆ ಒಂದು, ಸೊಂಟದಲ್ಲಿ ಒಂದು ಕೊಡ ಹೊತ್ತು ಬರುವವರಿಗೆ 15 ಕಿಲೋ ಯಾವ ಲೆಕ್ಕ?

ನೀರಿನ ಕೆಳಗೆ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಸಮಾಧಾನ. ಗಾಬರಿಯಾಗಿ ಒದ್ದಾಡಿದರೆ ಗಾಳಿ ಬೇಗ ಮುಗಿಯುತ್ತದೆ. ನಿಧಾನ ಉಸಿರಾಡಿದರೆ ಹೆಚ್ಚು ಹೊತ್ತು ಬರುತ್ತದೆ.

ಮುಳುಗಿದವರು ಯಾರು ಯಾರು?

ಅಮೆರಿಕದ ಸಿಲ್ವಿಯಾ ಅರ್ಲ್ ಎಂಬ ವಿಜ್ಞಾನಿ ಗಿಡ ಮತ್ತು ಪಾಚಿಗಳನ್ನು ಓದಿದವರು. ಸಮುದ್ರದ ಕೆಳಗೆ ಮನೆ ಮಾಡಿ ಇರುವ ಒಂದು ಪ್ರಯೋಗಕ್ಕೆ ಸೇರಲು ಅರ್ಜಿ ಹಾಕಿದಾಗ, ಹೆಣ್ಣು ಗಂಡು ಕೂಡಿ ಕೆಳಗೆ ಇರುವುದು ಬೇಡವೆಂದು ನಡೆಸುವವರು ಒಪ್ಪಲಿಲ್ಲ. ಕೊನೆಗೆ 1970ರಲ್ಲಿ ಹೆಂಗಸರದೇ ಒಂದು ತಂಡ ಮಾಡಿದರು. ಸಿಲ್ವಿಯಾ ಅವರ ಮುಂದಾಳತ್ವದಲ್ಲಿ ಐದು ಮಂದಿ ಎರಡು ವಾರ ಸಮುದ್ರದ ತಳದ ಮನೆಯಲ್ಲಿ ಇದ್ದು ಕೆಲಸ ಮಾಡಿದರು. 1979ರಲ್ಲಿ ಅವರು ವಿಶೇಷ ಕವಚ ತೊಟ್ಟು 381 ಮೀಟರ್ ಆಳದಲ್ಲಿ ಸಮುದ್ರದ ನೆಲದ ಮೇಲೆ ನಡೆದರು.

ಕೊರಿಯಾದ ಜೇಜು ದ್ವೀಪದಲ್ಲಂತೂ ಲೆಕ್ಕವೇ ತಿರುವುಮುರುವು. ಅಲ್ಲಿ ಮುಳುಗುವ ಕಸುಬು ಹೆಂಗಸರದು. ಅವರಿಗೆ ಹೆನ್ಯೊ ಎನ್ನುತ್ತಾರೆ. ಸಿಲಿಂಡರ್ ಇಲ್ಲದೆ, ಉಸಿರು ಕಟ್ಟಿ 10 ಮೀಟರ್ ತನಕ ಹೋಗಿ ಚಿಪ್ಪಿನ ಜೀವಿಗಳನ್ನು, ಪಾಚಿಯನ್ನು ತರುತ್ತಾರೆ. 70 ವರ್ಷ ದಾಟಿದ ಅಜ್ಜಿಯರೂ ಅವರಲ್ಲಿ ಇದ್ದಾರೆ. 2016ರಲ್ಲಿ ಯುನೆಸ್ಕೋ ಈ ಕಸುಬನ್ನು ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆ ಎಂದು ಪಟ್ಟಿಗೆ ಸೇರಿಸಿತು.

ದೂರದ ಮಾತು ಬೇಡ ಅಂದರೆ ನಮ್ಮ ದೇಶದಲ್ಲೇ ನೋಡಿರಿ. ತಮಿಳುನಾಡಿನ ರಾಮೇಶ್ವರದ ಕಡೆ ಮೀನುಗಾರರ ಹೆಂಗಸರು ಸೀರೆಯ ಮೇಲೆ ಅಂಗಿ ತೊಟ್ಟು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಸಮುದ್ರದಲ್ಲಿ ಮುಳುಗಿ ಪಾಚಿ ಕೀಳುತ್ತಾರೆ. ಅವರಲ್ಲಿ ಲಕ್ಷ್ಮಿ ಮೂರ್ತಿ ಎಂಬವರಿಗೆ 2015ರಲ್ಲಿ ಸೀಕಾಲಜಿ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಬಂಗಾಲದ ಆರತಿ ಸಹಾ 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು 16 ತಾಸು 20 ನಿಮಿಷ ಈಜಿ ದಾಟಿದರು. ಏಷ್ಯಾ ಖಂಡದಲ್ಲಿ ಹಾಗೆ ದಾಟಿದ ಮೊದಲ ಮಹಿಳೆ ಅವರೇ. ಅದೇ ವರ್ಷ ಮೊದಲ ಸಲ ಹೋದಾಗ ಆಗಿರಲಿಲ್ಲ. ಎರಡನೇ ಸಲಕ್ಕೆ ಗೆದ್ದರು. ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಾಗ ಆಕೆಗೆ ಬರೀ 14 ವರ್ಷ. ಅಂದರೆ ನನಗಿಂತ ಒಂದೇ ವರ್ಷ ದೊಡ್ಡವಳು!

ನಮ್ಮೂರಿನ ಮಾತು

ಸ್ಕೂಬಾವನ್ನು ಸರಿಯಾಗಿ ಕಲಿತು ಪ್ರಮಾಣಪತ್ರ ಪಡೆಯಬೇಕಾದರೆ ಸಾಮಾನ್ಯವಾಗಿ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. 10 ವರ್ಷದ ಮಕ್ಕಳಿಗೂ ಕಲಿಸುತ್ತಾರೆ. ಹುಡುಗ ಹುಡುಗಿ ಎಂಬ ಭೇದ ನಿಯಮದಲ್ಲಿ ಎಲ್ಲಿಯೂ ಇಲ್ಲ. ಆದರೆ ನಮ್ಮ ವರ್ಗದಲ್ಲಿ ನಾನು ಎಣಿಸಿ ನೋಡಿದೆ. ಹುಡುಗರು 17 ಮಂದಿ, ಅದರಲ್ಲಿ ಈಜು ಬರುವವರು 14. ನಾವು ಹುಡುಗಿಯರು 15 ಮಂದಿ, ಈಜು ಬರುವವರು ಒಬ್ಬರೂ ಇರಲಿಲ್ಲ.

ನೋಡಿರಿ, ಹೊಳಿಗೆ ದಿನಾ ಹೋಗೋರು ಯಾರು? ಬಟ್ಟೆ ಒಗೆಯುವವರು, ನೀರು ತರುವವರು ನಾವೇ. ಈಜು ಕಲಿಯುವವರು ಮಾತ್ರ ಹುಡುಗರು. ಎರಡು ವರ್ಷದ ಹಿಂದೆ ಕೃಷ್ಣಾ ಹೊಳಿಯ ಹಿನ್ನೀರಿನಲ್ಲಿ ಬಟ್ಟೆ ಒಗೆಯುವಾಗ ನಮ್ಮವ್ವನ ಕಾಲು ಜಾರಿತು. ನೋಡುನೋಡುತ್ತಲೇ ಕುತ್ತಿಗೆ ತನಕ ನೀರು ಬಂತು. ನಾನು ದಂಡಿ ಮ್ಯಾಲೆ ನಿಂತು ಚೀರಿದೆ, ಅಷ್ಟೇ. ಎಮ್ಮೆ ಕಾಯುವ ಹುಡುಗ, ನನಗಿಂತ ಸಣ್ಣವನು, ಜಿಗಿದು ಹೋಗಿ ಅವ್ವನ ಸೆರಗು ಹಿಡಿದು ಜಗ್ಗಿದ. ಅವ್ವ ಉಳಿದಳು. ಅವತ್ತಿನಿಂದ ನನಗೆ ಒಂದೇ ಮಾತು ತಲೆಯಲ್ಲಿ, ಆ ಹುಡುಗ ಅಲ್ಲಿ ಇಲ್ಲದಿದ್ದರೆ?

ಈಜು ಕಲಿಯುತ್ತೇನೆ ಅಂದಾಗ ಮನೆಯಲ್ಲಿ ಬೈದರು. "ದೊಡ್ಡಾಕಿ ಆಗೀದಿ, ಬಾವಿಗೆ ಜಿಗದ್ರ ಮಂದಿ ಏನಂದಾರು?" ಎಂದು ಆಯಿ ಅಂದಳು. ಮುತ್ಯಾ ಬಹಳ ಹೊತ್ತು ಸುಮ್ಮನೆ ಕುಳಿತು ಆಮೇಲೆ, "ಮಂದಿ ಅವತ್ತ ಹೊಳಿ ದಂಡ್ಯಾಗ ಇದ್ದಿಲ್ಲ" ಅಂದ. ಈ ಬೇಸಿಗೆಯಲ್ಲಿ ಮುತ್ಯಾ ನಮ್ಮ ತೋಟದ ಬಾವಿಯಲ್ಲಿ ನನಗೂ ನನ್ನ ಇಬ್ಬರು ಗೆಳತಿಯರಿಗೂ ಕಲಿಸಿದ. ಚೂಡಿದಾರ ತೊಟ್ಟು, ವೇಲ್ ಮನೆಯಲ್ಲೇ ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಟ್ಯೂಬ್ ಹಿಡಿದು ಕಲಿತೆವು. ಎಂಟು ದಿನ ನೀರು ಕುಡಿದೆವು. ಈಗ ಟ್ಯೂಬ್ ಇಲ್ಲದೆ ಈ ಕಡೆಯಿಂದ ಆ ಕಡೆ ಹೋಗುತ್ತೇವೆ. ಅವ್ವ ಮೆಟ್ಟಿಲ ಮೇಲೆ ಕುಳಿತು ನೋಡುತ್ತಾಳೆ. ಇನ್ನೂ ನೀರಿಗೆ ಇಳಿದಿಲ್ಲ.

ಈಗ 15ರಲ್ಲಿ ಮೂವರಿಗೆ ಈಜು ಬರುತ್ತದೆ. ಉಳಿದ 12 ಗೆಳತಿಯರು ಮನೆಯಲ್ಲಿ ಕೇಳಿ ನೋಡಿರಿ. ಆದರೆ ಒಬ್ಬರೇ ನೀರಿಗೆ ಇಳಿಯಬೇಡಿ. ಈಜು ಬರುವ ದೊಡ್ಡವರು ಜೊತೆಗೆ ಇರಲೇಬೇಕು. ಹುಡುಗರಿಗೆ ಒಂದು ಮಾತು. ನಗುವುದು ಬಿಟ್ಟು ನಿಮ್ಮ ಅಕ್ಕ ತಂಗಿಯರಿಗೂ ಕಲಿಸಿರಿ ಎಂದು ಮನೆಯಲ್ಲಿ ಹೇಳಿರಿ. ಮುಂದಿನ ಸಲ ಮುರ್ಡೇಶ್ವರಕ್ಕೆ ಹೋದಾಗ ಆ ಬೋರ್ಡಿನ ಮುಂದೆ ನಾನು ಸುಮ್ಮನೆ ನಿಲ್ಲುವುದಿಲ್ಲ.

ಇಂತಿ ನಿಮ್ಮ ಗೆಳತಿ,
7ನೇ ವರ್ಗ