ಮೂಕವಾದ ಧ್ವನಿವರ್ಧಕ

ಬೋರಗಾಂವವು ಬೆಳಗಾವಿ ಜಿಲ್ಲೆಯ ಗಡಿಭಾಗದ ಊರು. ಕನ್ನಡ, ಮರಾಠಿ ಎರಡೂ ನುಡಿಗಳು ಕೇಳಿಬರುವ ಇಂತಹ ಊರುಗಳಲ್ಲಿ ಜಾತ್ರೆ, ಉರುಸು, ಭಜನೆ, ಮದುವೆಗಳು ಧ್ವನಿವರ್ಧಕವಿಲ್ಲದೆ ನಡೆಯುವುದು ಅಪರೂಪ. ಸಮಾರಂಭದ ನಡುವೆ ಅದು ಮೂಕವಾದರೆ ಎಲ್ಲರಿಗೂ ಕಳವಳ. ಆದರೆ ಅವಸರದ ರಿಪೇರಿಯು ಯಂತ್ರಕ್ಕೂ ಪ್ರಾಣಕ್ಕೂ ಅಪಾಯ ತಂದೀತು.

ಮೈಕು ಧ್ವನಿಯನ್ನು ಕ್ಷೀಣವಾದ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ವರ್ಧಕದ ಮೊದಲ ಹಂತಗಳು ಆ ಸಂಕೇತವನ್ನು ಹಿಗ್ಗಿಸುತ್ತವೆ. ಕೊನೆಯ ಹಂತದ ದೊಡ್ಡ ಟ್ರಾನ್ಸಿಸ್ಟರುಗಳು ಸ್ಪೀಕರನ್ನು ಅದುರಿಸುವಷ್ಟು ಶಕ್ತಿಯನ್ನು ಒದಗಿಸುತ್ತವೆ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜನ್ಮತಾಳಿದ ಟ್ರಾನ್ಸಿಸ್ಟರಿನ ವಂಶದವುಗಳೇ ಇವು. ಇವುಗಳಿಗೆ ಬೇಕಾದ ಶಕ್ತಿಗಾಗಿ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಟ್ರಾನ್ಸ್‌ಫಾರ್ಮರು ತಗ್ಗಿಸುತ್ತದೆ, ಡಯೋಡುಗಳು ಏಕಮುಖಗೊಳಿಸುತ್ತವೆ, ಕೆಪಾಸಿಟರುಗಳು ಅದರ ಏರಿಳಿತಗಳನ್ನು ಸಮಗೊಳಿಸುತ್ತವೆ.

ವೈದ್ಯನು ಲಕ್ಷಣಗಳಿಂದ ರೋಗವನ್ನು ಊಹಿಸುವಂತೆ ಕುಶಲಕರ್ಮಿಯೂ ದೋಷವನ್ನು ಊಹಿಸುತ್ತಾನೆ. ಸದಾ ಗುಂಯ್‌ಗುಡುವ ಸದ್ದು ಬಂದರೆ ಕೆಪಾಸಿಟರು ಸೊರಗಿರಬಹುದು. ಮಾತು ಒಡೆದು ಕೇಳಿದರೆ ಕೊನೆಯ ಹಂತದ ಜೋಡಿ ಟ್ರಾನ್ಸಿಸ್ಟರುಗಳಲ್ಲಿ ಒಂದು ಕೆಲಸ ನಿಲ್ಲಿಸಿರಬಹುದು. ಹಾಕಿದ ಫ್ಯೂಸೆಲ್ಲ ಕರಗಿದರೆ ಒಳಗೆ ಎಲ್ಲಿಯೋ ಪ್ರವಾಹಕ್ಕೆ ಅಡ್ಡದಾರಿ ತೆರೆದಿದೆ ಎಂದೇ ತಿಳಿಯಬೇಕು.

ಫ್ಯೂಸು ಯಂತ್ರದ ಕಾವಲುಗಾರ. ಅದರ ಜಾಗದಲ್ಲಿ ದಪ್ಪ ತಂತಿಯನ್ನು ಬಿಗಿಯುವುದೆಂದರೆ ಕಾವಲುಗಾರನನ್ನು ಅಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ. ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು, ಬೆಂಕಿಯೂ ಹತ್ತಬಹುದು. ಅನುಭವಿಯು ವಿದ್ಯುತ್ ಸಂಪರ್ಕವನ್ನು ತೆಗೆದು, ಮೊದಲು ಕೆಪಾಸಿಟರುಗಳಲ್ಲಿ ಉಳಿದಿರುವ ವಿದ್ಯುತ್ತನ್ನು ಸೂಕ್ತ ರೋಧಕದ ಮೂಲಕ ಹೊರಹಾಕುತ್ತಾನೆ. ಸ್ವಿಚ್ಚು ಆರಿಸಿದ ಬಳಿಕವೂ ಅವು ಆಘಾತ ನೀಡಬಲ್ಲವು. ಅನಂತರ ಮಲ್ಟಿಮೀಟರಿನಿಂದ ಡಯೋಡು, ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾನೆ.

ಕೆಟ್ಟ ಬಿಡಿಭಾಗವನ್ನು ಬದಲಿಸಿದ ಮೇಲೂ ಅವನು ಯಂತ್ರಕ್ಕೆ ನೇರವಾಗಿ ವಿದ್ಯುತ್ತನ್ನು ಕೊಡುವುದಿಲ್ಲ. ಸ್ಪೀಕರನ್ನು ಜೋಡಿಸದೆಯೇ, ವಿದ್ಯುತ್ ಮಾರ್ಗದಲ್ಲಿ ತಂತುವುಳ್ಳ ಹಳೆಯ ಬಗೆಯ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸುತ್ತಾನೆ. ಬಲ್ಬು ಕ್ಷಣಕಾಲ ಬೆಳಗಿ ಮಂಕಾದರೆ ಅದು ಶುಭಲಕ್ಷಣ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ದೋಷವು ಇನ್ನೂ ಉಳಿದಿದೆ ಎಂದರ್ಥ; ಆಗ ಪ್ರವಾಹವನ್ನು ಬಲ್ಬೇ ತಡೆದು, ಹೊಸ ಬಿಡಿಭಾಗಗಳನ್ನು ಕಾಪಾಡುತ್ತದೆ.

ಇಷ್ಟಕ್ಕೇ ರಿಪೇರಿ ಮುಗಿಯದು. ಟ್ರಾನ್ಸಿಸ್ಟರು ಸುಟ್ಟದ್ದಾದರೂ ಏಕೆ? ಚಪ್ಪರದಲ್ಲಿ ಸ್ಪೀಕರಿನ ತಂತಿಗಳೆರಡು ಒಂದಕ್ಕೊಂದು ತಗುಲಿರಬಹುದು; ಧೂಳು ಮುಚ್ಚಿ ಗಾಳಿಯಾಡದೆ ಯಂತ್ರ ಕಾದಿರಬಹುದು. ಆ ಮೂಲವನ್ನು ನಿವಾರಿಸದಿದ್ದರೆ ಹೊಸ ಟ್ರಾನ್ಸಿಸ್ಟರಿಗೂ ಹಳೆಯದರ ಗತಿಯೇ. ಸುಟ್ಟದ್ದನ್ನು ಬದಲಿಸುವುದು ಕೈಯ ಕೆಲಸ. ಸುಟ್ಟ ಕಾರಣವನ್ನು ಅರಸುವುದು ಬುದ್ಧಿಯ ಕೆಲಸ. ಎರಡೂ ಕೂಡಿದಾಗಲೇ ರಿಪೇರಿಯು ವಿಜ್ಞಾನವೆನಿಸುತ್ತದೆ.